ನಾಯಿ ಕಾಲು ಕಡಿದುಕೊಳ್ಳುತ್ತಿದೆಯೇ? ಮೊದಲು ಬೆರಳ ಸಂದಿ ನೋಡಿ

ಭೂತನಾಳ ಕೆರೆಯ ದಂಡೆಯ ಮೇಲೆ ಒಂದು ಸುತ್ತು ಹಾಕಿ ಬಂದ ನಾಯಿ ಹೊಸ್ತಿಲ ಬಳಿ ಕುಳಿತು ನಾಲ್ಕೈದು ನಿಮಿಷ ಕಾಲು ನೆಕ್ಕಿಕೊಂಡರೆ ಗಾಬರಿಯಾಗಬೇಕಿಲ್ಲ. ಮೆತ್ತಿದ ಮಣ್ಣು, ಅಂಟಿದ ಹುಲ್ಲು ತೆಗೆಯಲು ಅದಕ್ಕಿರುವುದು ನಾಲಿಗೆ ಮತ್ತು ಮುಂದಿನ ಸಣ್ಣ ಹಲ್ಲು ಮಾತ್ರ. ಉಣ್ಣುವುದನ್ನು ನಡುವೆ ಬಿಟ್ಟು ಕಾಲು ಕಡಿದುಕೊಳ್ಳತೊಡಗಿದರೆ, ನಿದ್ದೆಯಿಂದ ಎದ್ದು ನೆಕ್ಕಿದರೆ, ಬಿಳಿ ಕೂದಲು ತುಕ್ಕಿನ ಬಣ್ಣಕ್ಕೆ ತಿರುಗಿದರೆ, ಪಾದದಿಂದ ಹುಳಿ ವಾಸನೆ ಬಂದರೆ, ಕಾಲು ಊರದೆ ಕುಂಟಿದರೆ ಮಾತು ಬೇರೆ. ಇವುಗಳಲ್ಲಿ ಒಂದು ಕಂಡರೂ ಆ ಪಾದದಲ್ಲಿ ಏನೋ ನಡೆದಿದೆ ಎಂದೇ ತಿಳಿಯಬೇಕು.

ನಮ್ಮ ಕಡೆ ಇದಕ್ಕೆ ಒಂದೇ ಪರಿಹಾರ ಎಂದು ನಂಬಿದವರು ಬಹಳ. “ಡಾಕ್ಟ್ರ, ನಾಯಿ ಯಾವಾಗ ನೋಡಿದ್ರೂ ಕಾಲು ಕಡಕೋತದ್ರಿ, ಒಂದು ಸೂಜಿ ಮಾಡಿಬಿಡ್ರಿ” ಎನ್ನುತ್ತಾರೆ. ಸೂಜಿ ಬೀಳುತ್ತದೆ, ಒಂದಷ್ಟು ದಿನ ನಾಯಿ ಸುಮ್ಮನಿರುತ್ತದೆ, ಆಮೇಲೆ ಮತ್ತೆ ಶುರು. ಆ ಸೂಜಿ ಬಹುಮಟ್ಟಿಗೆ ಸ್ಟೀರಾಯ್ಡ್. ಅದು ತುರಿಕೆಯನ್ನು ಅಡಗಿಸುತ್ತದೆ, ತುರಿಕೆಗೆ ಕಾರಣವಾದದ್ದನ್ನು ಮುಟ್ಟುವುದಿಲ್ಲ. ಕಾರಣ ಹುಡುಕಲು ಶುರುವಿನಲ್ಲಿ ದುಬಾರಿ ಪರೀಕ್ಷೆಯೇನೂ ಬೇಡ. ಮನೆಯವರೇ ಕೇಳಿಕೊಳ್ಳಬಹುದಾದ ಪ್ರಶ್ನೆ ಒಂದಿದೆ: ಕಡಿದುಕೊಳ್ಳುತ್ತಿರುವುದು ಒಂದೇ ಕಾಲನ್ನೋ, ಹಲವು ಕಾಲುಗಳನ್ನೋ? ಒಂದೇ ಕಾಲಾದರೆ ತೊಂದರೆ ಹೆಚ್ಚಾಗಿ ಆ ಕಾಲಿನಲ್ಲೇ ಇರುತ್ತದೆ. ನಾಲ್ಕೂ ಕಾಲಾದರೆ ಅದು ತುಳಿದ ನೆಲವನ್ನು ನೋಡಬೇಕು. ಮುಂಗಾಲು ಎರಡು, ಜೊತೆಗೆ ಕಿವಿಯೂ ಕೆಂಪಾಗಿದ್ದರೆ ಚರ್ಮದ ಅಲರ್ಜಿಯ ಗುಮಾನಿ ಪಡಬೇಕು. ಈ ಲೆಕ್ಕ ಪ್ರತಿ ಸಲವೂ ಕೂಡಿಬರುತ್ತದೆ ಎಂದಲ್ಲ. ಆದರೆ ಹುಡುಕಾಟಕ್ಕೆ ದಾರಿ ತೋರಿಸುವಷ್ಟು ಸರಿಯಾಗಿದೆ.

ಒಂದೇ ಕಾಲಿನ ವಿಷಯ ಮೊದಲು, ಏಕೆಂದರೆ ವಿಜಯಪುರದ ಸುತ್ತಿನ ನೆಲದಲ್ಲಿ ಕಾಲಿಗೆ ಚುಚ್ಚುವುದಕ್ಕೆ ಬರವಿಲ್ಲ. ಬದುವಿನ ಮೇಲೆ ಜಾಲಿ, ಬೀಳುಬಿದ್ದ ಜಾಗದಲ್ಲೆಲ್ಲ ಬಳ್ಳಾರಿ ಜಾಲಿ, ಕಾಲುದಾರಿಯಲ್ಲಿ ನೆಗ್ಗಿಲು ಮುಳ್ಳು, ಬೇಲಿಯ ಬುಡದಲ್ಲಿ ಉತ್ತರಾಣಿ. ಹಿಂಗಾರಿ ಜೋಳದ ಸುಗ್ಗಿ ಮುಗಿದ ಹೊಲದಲ್ಲಿ ಕೂಳೆ ಚೂಪಾಗಿ ನಿಂತಿರುತ್ತದೆ. ಅದರ ನಡುವೆ ಮೊಲದ ಬೆನ್ನು ಹತ್ತಿ ಓಡಿದ ನಾಯಿಗೆ ಮೆತ್ತೆ ಸೀಳುವುದು, ಉಗುರು ಮುರಿಯುವುದು ಸಾಮಾನ್ಯ. ಮುಳ್ಳು ಕಂಡರೆ ಕೀಳಬಹುದು. ಕಾಣದೆ ಕಾಡುವುದು ಹುಲ್ಲಿನ ಮುಳ್ಳುತೆನೆ. ಅದರ ಮೈಮೇಲಿನ ಸೂಕ್ಷ್ಮ ಕೊಕ್ಕೆಗಳೆಲ್ಲ ಹಿಂದಕ್ಕೆ ಬಾಗಿರುವುದರಿಂದ ಬೆರಳ ಸಂದಿಯ ತೆಳು ಚರ್ಮ ಹೊಕ್ಕರೆ ಮುಂದೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ಮೇಲೆ ಕಾಣುವುದು ಕಡಲೆಕಾಳಿನಷ್ಟು ಕೆಂಪು ಗುಳ್ಳೆ. ಅದು ಒಡೆಯುತ್ತದೆ, ಕೀವು ಸೋರುತ್ತದೆ, ಮುಚ್ಚುತ್ತದೆ, ವಾರದ ಮೇಲೆ ಅಲ್ಲೇ ಮತ್ತೆ ಏಳುತ್ತದೆ. ಒಂದೇ ಜಾಗದಲ್ಲಿ ಎರಡನೆಯ ಸಲ ಕೀವಾದರೆ ಮನೆಯಲ್ಲಿ ಮುಲಾಮು ಹಚ್ಚುತ್ತ ಕೂರಬೇಡಿ. ಒಳಗೆ ಉಳಿದದ್ದನ್ನು ಪಶುವೈದ್ಯರು ಅರಿವಳಿಕೆ ಕೊಟ್ಟು ಹುಡುಕಿ ತೆಗೆಯಬೇಕಾಗುತ್ತದೆ.

ನೋಡುವುದಕ್ಕೂ ಒಂದು ಕ್ರಮವಿದೆ. ಹಗಲು ಬೆಳಕಿನಲ್ಲಿ, ನಾಯಿ ದಣಿದು ಮಲಗಿದಾಗ, ನೋವಿಲ್ಲದ ಕಾಲಿನಿಂದ ಶುರುಮಾಡಿ. ಸರಿಯಿರುವ ಪಾದ ಹೇಗಿರುತ್ತದೆ ಎಂದು ಕಣ್ಣಿಗೆ ಹಿಡಿದ ಮೇಲೆ ತೊಂದರೆಯ ಪಾದದ ವ್ಯತ್ಯಾಸ ಬೇಗ ತಿಳಿಯುತ್ತದೆ. ಮೇಲ್ಭಾಗದಿಂದ ಒಂದೊಂದೇ ಬೆರಳು ಅಗಲಿಸಿ ಸಂದಿ ನೋಡಿ, ಆಮೇಲೆ ತಿರುಗಿಸಿ ಮೆತ್ತೆಗಳ ನಡುವಿನ ಗುಳಿ ನೋಡಿ. ಉಗುರಿನ ಬುಡ ಮೆಲ್ಲಗೆ ಒತ್ತಿ ನೋಡಿ. ಮುಂಗಾಲಿನ ಒಳಬದಿಯಲ್ಲಿ ನೆಲಕ್ಕೆ ತಾಗದ ಒಂದು ಉಗುರಿರುತ್ತದೆ. ಸವೆಯುವ ಅವಕಾಶವಿಲ್ಲದೆ ಅದು ಸುತ್ತಿಕೊಂಡು ಬೆಳೆದು ಕೊನೆಗೆ ಚರ್ಮಕ್ಕೇ ಚುಚ್ಚುತ್ತದೆ. ಜೋತುಬಿದ್ದ ಕೂದಲಿನ ನಾಯಿಗಳಲ್ಲಿ ಇದು ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದಿಲ್ಲ.

ಬೆರಳ ಸಂದಿ ಉಣ್ಣಿಗಳಿಗೂ ಅಡಗುದಾಣ. ಮೈಯೆಲ್ಲ ನೋಡಿ ಒಂದೂ ಸಿಗಲಿಲ್ಲ ಎಂದು ನೆಮ್ಮದಿಪಡುವವರು ಅಲ್ಲಿ ಮತ್ತು ಕಿವಿಯೊಳಗೆ ನೋಡಿರುವುದಿಲ್ಲ. ಚಿಮಟದಿಂದ ಚರ್ಮಕ್ಕೆ ಆದಷ್ಟು ಹತ್ತಿರ ಹಿಡಿದು ತಿರುಚದೆ ನೇರವಾಗಿ ಎಳೆಯಿರಿ. ಬೀಡಿಯ ಕೆಂಡ ಮುಟ್ಟಿಸುವುದು, ಸೀಮೆಎಣ್ಣೆ ಸುರಿಯುವುದು, ಉಗುರಿನಲ್ಲಿ ಒಡೆಯುವುದು ಬೇಡ. ನಾಯಿಗಳ ಕಂದು ಉಣ್ಣಿ ಹರಡುವ ಎರ್ಲಿಕಿಯಾ ಎಂಬ ಸೋಂಕು ನಮ್ಮಲ್ಲಿ ಸಾಮಾನ್ಯ. ಉಣ್ಣಿ ಕಿತ್ತ ಮೇಲಿನ ವಾರಗಳಲ್ಲಿ ಜ್ವರ ಬಂದರೆ, ನಾಯಿ ಕೂಳು ಬಿಟ್ಟರೆ, ವಸಡು ಬಿಳಿಚಿದರೆ, ಮೂಗಿನಿಂದ ರಕ್ತ ಬಂದರೆ ರಕ್ತಪರೀಕ್ಷೆ ಮಾಡಿಸಲೇಬೇಕು. ಮಳೆಗಾಲದಲ್ಲಿ ಇನ್ನೊಂದು ಅಪಾಯವಿದೆ. ನೆಕ್ಕಿ ಒದ್ದೆಯಾದ ಸಣ್ಣ ಗಾಯದ ಮೇಲೆ ನೊಣ ಕುಳಿತು ಮೊಟ್ಟೆ ಇಟ್ಟರೆ ಒಂದೆರಡು ದಿನದಲ್ಲಿ ಹುಳ ಬೀಳುತ್ತದೆ. ಗಾಯದಿಂದ ಕೆಟ್ಟ ವಾಸನೆ ಬಂದರೆ ಮರುದಿನಕ್ಕೆ ತಳ್ಳದೆ ಅಂದೇ ಆಸ್ಪತ್ರೆಗೆ ಒಯ್ಯಿರಿ.

ಇನ್ನು ನಾಲ್ಕೂ ಕಾಲು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಗಾಳಿಯ ಬಿಸಿಯೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗೆ ಬಿದ್ದ ಡಾಂಬರು ಆಗ 60 ಡಿಗ್ರಿಯನ್ನೂ ಮೀರಬಲ್ಲದು. ಮೆತ್ತೆ ಗಡುಸೆಂದು ನಾವು ಭಾವಿಸುತ್ತೇವೆ, ಆದರೆ ಅದು ಸುಡುತ್ತದೆ, ಗುಳ್ಳೆ ಏಳುತ್ತದೆ, ಸಿಪ್ಪೆ ಸುಲಿಯುತ್ತದೆ. ಸಂಜೆ ಮನೆಗೆ ಬಂದ ನಾಯಿ ನಾಲ್ಕೂ ಕಾಲು ಸರದಿಯಂತೆ ನೆಕ್ಕುತ್ತದೆ. ರಸ್ತೆಯ ಮೇಲೆ ನಿಮ್ಮ ಕೈಯ ಹಿಂಭಾಗವನ್ನು ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯನ್ನು ಅದರ ಮೇಲೆ ನಡೆಸಬೇಡಿ. ಬೇಸಿಗೆಯ ತಿರುಗಾಟ ಬಿಸಿಲೇರುವ ಮೊದಲೇ ಮುಗಿಯಬೇಕು. ಸಂಜೆಯೂ ಡಾಂಬರು ಆರಲು ಹೊತ್ತು ಬೇಕು. ಸುಟ್ಟರೆ ತಣ್ಣೀರು ಹಾಯಿಸಿ ಸಾಕು, ಮಂಜುಗಡ್ಡೆಯೂ ಬೇಡ, ಟೂತ್‌ಪೇಸ್ಟೂ ಬೇಡ.

ಮಳೆ ಬಂದರೆ ಎರಿ ಮಣ್ಣಿನ ಸರದಿ. ಡೋಣಿ ಸಾಲಿನ ಆ ಕಪ್ಪು ಮಣ್ಣು ನಾಯಿಯ ಬೆರಳ ಸಂದಿಯಲ್ಲಿ ಉಂಡೆಗಟ್ಟಿ ಒಣಗಿದರೆ ಕಲ್ಲಿನಂತಾಗುತ್ತದೆ, ಕೂದಲನ್ನು ಬಿಗಿಯಾಗಿ ಎಳೆಯುತ್ತದೆ, ಅದರಡಿಯ ಚರ್ಮ ಹಸಿಯಾಗಿಯೇ ಉಳಿಯುತ್ತದೆ. ಆ ಉಂಡೆಯನ್ನು ಕತ್ತರಿಯಿಂದ ಕೀಳಲು ಹೋದರೆ ಚರ್ಮ ಕೊಯ್ದುಹೋಗುತ್ತದೆ. ಬೆಚ್ಚಗಿನ ನೀರಿನಲ್ಲಿ ಕಾಲು ನೆನೆಸಿ ಕರಗಿಸಬೇಕು.

ತಿಕೋಟಾ, ಬಬಲೇಶ್ವರ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕಾವಲಿಗಿರುವ ನಾಯಿಗಳ ಬಗ್ಗೆ ಬಿಡಿಸಿಯೇ ಹೇಳಬೇಕು, ಏಕೆಂದರೆ ಇಲ್ಲಿ ತುರಿಕೆಗಿಂತ ಹೆಚ್ಚಿನ ಅಪಾಯವಿದೆ. ಅಕ್ಟೋಬರ್ ಚಾಟ್ನಿಯ ನಂತರ ತೋಟಕ್ಕೆ ಸಿಂಪರಣೆ ಒಂದರ ಹಿಂದೆ ಒಂದು ನಡೆಯುತ್ತದೆ. ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ, ಗಂಧಕ, ಕೀಟನಾಶಕಗಳು. ಕಣ್ಣು ಒಡೆಯಲೆಂದು ಹಚ್ಚುವ ಹೈಡ್ರೋಜನ್ ಸಯನಮೈಡ್ ಅಂತೂ ಮನುಷ್ಯರ ಚರ್ಮವನ್ನೇ ಸುಡುವಂಥದ್ದು. ಹನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ಓಡಾಡುವ ನಾಯಿಗೆ ಪಾದ ಉರಿಯುತ್ತದೆ, ಉರಿದಾಗ ನೆಕ್ಕುತ್ತದೆ, ನೆಕ್ಕಿದ್ದು ಹೊಟ್ಟೆಗೆ ಹೋಗುತ್ತದೆ. ಸಿಂಪರಣೆಯ ದಿನ ನಾಯಿಯನ್ನು ತೋಟದಿಂದ ದೂರ ಕಟ್ಟಿಹಾಕಿ, ಹನಿ ಪೂರ್ತಿ ಒಣಗುವವರೆಗೆ ಬಿಡಬೇಡಿ. ಔಷಧಿ ಕಲಸಿದ ಡ್ರಮ್ಮಿನ ಸುತ್ತ ನಿಂತ ನೀರನ್ನು ಮುಚ್ಚಿಸಿ. ತುಳಿದಿದ್ದು ಗೊತ್ತಾದರೆ ನೆಕ್ಕುವ ಮೊದಲೇ ಕೈಗವಸು ಹಾಕಿಕೊಂಡು ಧಾರಾಳ ನೀರಿನಲ್ಲಿ ಕಾಲು ತೊಳೆಯಿರಿ. ಜೊಲ್ಲು ಸುರಿಯುವುದು, ನಡುಕ, ವಾಂತಿ, ತೂರಾಟ ಕಂಡರೆ ಔಷಧಿಯ ಡಬ್ಬಿಯನ್ನೋ ಅದರ ಚೀಟಿಯ ಫೋಟೋವನ್ನೋ ಹಿಡಿದು ವೈದ್ಯರ ಬಳಿ ಓಡಿ. ಯಾವ ವಿಷ ಎಂದು ತಿಳಿದರೆ ಚಿಕಿತ್ಸೆ ಆರಿಸುವುದು ಸುಲಭ. ಇದೇ ತೋಟಗಳ ವಿಷಯದಲ್ಲಿ ಇನ್ನೊಂದು ಮಾತು, ಪಾದಕ್ಕೆ ನೇರ ಸಂಬಂಧವಿಲ್ಲದಿದ್ದರೂ ಹೇಳದೆ ಹೋಗಲಾರೆ: ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಗೆ ವಿಷ, ಮೂತ್ರಪಿಂಡ ಕೆಡಿಸುತ್ತವೆ. 2021ರಲ್ಲಿ ಅಮೆರಿಕದ ಪಶುವಿಷ ತಜ್ಞರು ಅವುಗಳಲ್ಲಿರುವ ಟಾರ್ಟಾರಿಕ್ ಆಮ್ಲದತ್ತ ಬೊಟ್ಟು ಮಾಡಿದರು. ಒಣಗಿಸುವ ಶೆಡ್ಡಿನಡಿ ಉದುರಿದ್ದನ್ನು ನಾಯಿ ಮೇಯಲು ಬಿಡಬಾರದು.

ಮನೆಯೊಳಗಿನ ನೆಲವೂ ನೆಲವೇ. ದಿನವೂ ಫಿನೈಲ್ ಹಾಕಿ ಒರೆಸುವ ಮನೆಗಳಲ್ಲಿ ಒದ್ದೆ ಆರುವ ಮೊದಲೇ ನಾಯಿ ಅದರ ಮೇಲೆ ಮಲಗಿರುತ್ತದೆ. ಹದಿನೈದು ದಿನ ಬರೀ ನೀರಿನಲ್ಲಿ ಒರೆಸಿ ನೋಡಿ, ಅಷ್ಟಕ್ಕೇ ನೆಕ್ಕುವುದು ನಿಂತರೆ ಔಷಧಿಯ ಮಾತೇ ಇಲ್ಲ.

ಮುಳ್ಳೂ ಇಲ್ಲ, ಸುಟ್ಟಿಲ್ಲ, ಉಣ್ಣಿಯೂ ಇಲ್ಲ, ಆದರೂ ಮುಂಗಾಲುಗಳ ಬೆರಳ ಸಂದಿ ಸದಾ ಕೆಂಪು. ಕಿವಿಯ ಒಳಭಾಗವೂ ಕೆಂಪು, ಕಂಕುಳಲ್ಲಿ, ಹೊಟ್ಟೆಯಲ್ಲಿ ನವೆ, ಮುಖವನ್ನು ಚಾಪೆಗೆ ಉಜ್ಜುತ್ತದೆ. ತೊಂದರೆ ಶುರುವಾದದ್ದು ಆರು ತಿಂಗಳಿನಿಂದ ಮೂರು ವರ್ಷದೊಳಗೆ. ಹೀಗಿದ್ದರೆ ಅಟೋಪಿ ಎಂಬ ಹುಟ್ಟುಗುಣದ ಅಲರ್ಜಿ ಇರುವ ಸಂಭವ ಹೆಚ್ಚು. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್, ಪಗ್, ಶಿಟ್ಜು ತಳಿಗಳಲ್ಲಿ ಇದು ಹೆಚ್ಚು ಕಾಣುತ್ತದೆ. ಮನುಷ್ಯರಿಗೆ ಅಲರ್ಜಿಯಾದರೆ ಸೀನು, ಮೂಗು ಸೋರಿಕೆ. ನಾಯಿಗೆ ಅದೇ ಪರಾಗ, ಅದೇ ದೂಳು ನುಸಿ, ಅದೇ ಬೂಷ್ಟು ಚರ್ಮದ ತುರಿಕೆಯಾಗಿ ಹೊರಬೀಳುತ್ತವೆ. ಇಂಥ ನಾಯಿಗಳ ಚರ್ಮದ ಹೊರಪದರ ಹುಟ್ಟಿನಿಂದಲೇ ಸಡಿಲ. ನೆಲಕ್ಕೆ, ಹುಲ್ಲಿಗೆ ಮೊದಲು ತಾಗುವುದು ಪಾದವಾದ್ದರಿಂದ ಅಲ್ಲಿಂದಲೇ ಅಲರ್ಜಿಯ ಕಣ ಒಳನುಗ್ಗುತ್ತದೆ. ಚಿಗಟದ ಅಲರ್ಜಿಯಾದರೆ ತುರಿಕೆ ಹೆಚ್ಚಾಗಿ ಸೊಂಟ ಮತ್ತು ಬಾಲದ ಬುಡದಲ್ಲಿರುತ್ತದೆ. ಆ ವ್ಯತ್ಯಾಸ ಗಮನಿಸಿ ವೈದ್ಯರಿಗೆ ಹೇಳಿದರೆ ಅರ್ಧ ಕೆಲಸ ಆದಂತೆ.

ಕಾರಣ ಯಾವುದೇ ಇರಲಿ, ನೆಕ್ಕುತ್ತ ಹೋದ ಹಾಗೆ ಎರಡನೆಯ ರೋಗವೊಂದು ಸೇರಿಕೊಳ್ಳುತ್ತದೆ. ಕೆಸರಿನಲ್ಲಿ ದಿನವಿಡೀ ನಿಂತು ಕೆಲಸ ಮಾಡುವವರ ಕಾಲ್ಬೆರಳ ಸಂದಿ ಕೊಳೆಯುವಂತೆಯೇ ಇದೂ. ಜೊಲ್ಲಿನಿಂದ ಸದಾ ಒದ್ದೆಯಾದ ಚರ್ಮದ ಮೇಲೆ ಮಲಸೀಜಿಯಾ ಎಂಬ ಶಿಲೀಂಧ್ರ, ಸ್ಟೆಫಿಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಇವು ಮೊದಲೂ ಅಲ್ಲೇ ಇದ್ದವು, ಈಗ ಲೆಕ್ಕ ಮೀರಿವೆ, ಅಷ್ಟೆ. ಹುಳಿ ವಾಸನೆ, ಉಗುರ ಬುಡದ ಕಂದು ಜಿಡ್ಡು ಇವುಗಳ ಕೆಲಸ. ಕೂದಲಿನ ತುಕ್ಕುಬಣ್ಣ ಮಾತ್ರ ಜೊಲ್ಲಿನಲ್ಲಿರುವ ಪಾರ್ಫಿರಿನ್‌ನಿಂದ ಬಂದ ಕಲೆ. ಸೋಂಕು ತುರಿಕೆ ಹೆಚ್ಚಿಸುತ್ತದೆ, ತುರಿಕೆ ನೆಕ್ಕಿಸುತ್ತದೆ, ನೆಕ್ಕಿದ್ದು ಸೋಂಕನ್ನು ಬೆಳೆಸುತ್ತದೆ.

ಈ ಸುತ್ತನ್ನು ಮುರಿಯಲು ಮನೆಯವರ ಕೈಯಲ್ಲಿ ಇರುವುದು ತೊಳೆಯುವುದು ಮತ್ತು ಒಣಗಿಸುವುದು. ಹೊರಗಿನಿಂದ ಬಂದ ಕೂಡಲೇ ನಾಲ್ಕೂ ಕಾಲುಗಳನ್ನು ಸಾದಾ ನೀರಿನಲ್ಲಿ ಮಣಿಕಟ್ಟಿನವರೆಗೆ ತೊಳೆಯಿರಿ. ಸೋಂಕಿದ್ದರೆ ವೈದ್ಯರು ಹೇಳಿದ ಕ್ಲೋರ್‌ಹೆಕ್ಸಿಡಿನ್ ಶಾಂಪೂ, ವಾರಕ್ಕೆ ಎರಡು ಮೂರು ಸಲ. ಹಚ್ಚಿದ ತಕ್ಷಣ ತೊಳೆದುಬಿಟ್ಟರೆ ಅದು ಏನೂ ಮಾಡದು, ಹತ್ತು ನಿಮಿಷ ಚರ್ಮದ ಮೇಲೆ ನಿಲ್ಲಬೇಕು. ಆ ಹತ್ತು ನಿಮಿಷ ಯಾರಾದರೂ ನಾಯಿಯ ಪಕ್ಕ ಕುಳಿತು ಬಾಯಿ ತಾಗದಂತೆ ನೋಡಿಕೊಳ್ಳಬೇಕು. ಬಟ್ಟೆಯ ಸಾಬೂನು, ನಮ್ಮ ಮೈಯ ಸಾಬೂನು ಬೇಡ, ನಾಯಿಯ ಚರ್ಮದ ಆಮ್ಲ-ಕ್ಷಾರ ಮಟ್ಟ ನಮ್ಮದಕ್ಕಿಂತ ಬೇರೆ. ತೊಳೆದ ಮೇಲೆ ಹಳೆಯ ಹತ್ತಿ ಅರಿವೆಯಿಂದ ಒಂದೊಂದು ಸಂದಿಯನ್ನೂ ಒತ್ತಿ ಒಣಗಿಸಿ. ತೊಳೆದು ಹಸಿಯಾಗಿ ಬಿಟ್ಟ ಕಾಲಿಗಿಂತ ತೊಳೆಯದೆ ಬಿಟ್ಟ ಕಾಲೇ ಮೇಲು. ಉದ್ದ ಕೂದಲಿನ ನಾಯಿಗೆ ಮೆತ್ತೆಗಳ ನಡುವಿನ ಕೂದಲನ್ನು ಗಿಡ್ಡ ಮಾಡಿಸಿ. ಕೊರಳಿಗೆ ಹಾಕುವ ಪ್ಲಾಸ್ಟಿಕ್ ಕೋನ್ ಗಾಯ ಮಾಯುವವರೆಗೆ ಒಳ್ಳೆಯದು. ಆದರೆ ಅದನ್ನೇ ಚಿಕಿತ್ಸೆ ಎಂದುಕೊಂಡು ತುರಿಕೆಯಲ್ಲಿ ನರಳುವ ಜೀವಕ್ಕೆ ತಿಂಗಳುಗಟ್ಟಲೆ ಹಾಕಿಡುವುದು ಹಿಂಸೆ.

ಸೂಜಿಯ ಬಗ್ಗೆ ನನ್ನ ತಕರಾರಿಗೆ ಬಲವಾದ ಕಾರಣ ಡೆಮೊಡೆಕ್ಸ್ ಎಂಬ ನುಸಿ. ಕೂದಲ ಬುಡದ ಕುಳಿಯಲ್ಲಿ ವಾಸಿಸುವ ಈ ಜೀವಿ ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯ ಮೈಯಿಂದ ಮರಿಗೆ ಬರುತ್ತದೆ. ದೇಹದ ರಕ್ಷಣಾಶಕ್ತಿ ಸರಿಯಿರುವವರೆಗೆ ತಂಟೆಯಿಲ್ಲ. ಶಕ್ತಿ ಕುಗ್ಗಿದರೆ ಲೆಕ್ಕವಿಲ್ಲದಷ್ಟು ಹೆಚ್ಚಿ ಪಾದ ಊದಿಸಿ, ಕೂದಲು ಉದುರಿಸಿ, ಕೀವು ತುಂಬಿಸುತ್ತದೆ. ಸ್ಟೀರಾಯ್ಡ್ ಆ ರಕ್ಷಣಾಶಕ್ತಿಯನ್ನೇ ತಗ್ಗಿಸುವ ಔಷಧಿ. ನುಸಿ ಇರುವ ನಾಯಿಗೆ ಅದನ್ನು ಕೊಟ್ಟರೆ ರೋಗಕ್ಕೇ ಅನ್ನ ಹಾಕಿದಂತಾಗುತ್ತದೆ. ಚರ್ಮವನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು ಸೂಕ್ಷ್ಮದರ್ಶಕದಡಿ ನೋಡಿದರೆ ನುಸಿ ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ. ನಿಮಿಷಗಳ ಕೆಲಸ. ಸೂಜಿಗೆ ಮೊದಲು ಆ ಪರೀಕ್ಷೆ ಕೇಳಿ ಮಾಡಿಸಿ. ಹುರುಕಿನ ನುಸಿ ಸಾರ್ಕಾಪ್ಟಿಸ್ ಬೇರೆ, ಅದು ಮನೆಯವರ ಮೈಗೂ ಹತ್ತುತ್ತದೆ. ಎರಡಕ್ಕೂ, ಉಣ್ಣಿ ಚಿಗಟಗಳಿಗೂ ಈಗ ಫ್ಲುರಲನರ್, ಅಫಾಕ್ಸೊಲನರ್‌ನಂಥ ಗುಳಿಗೆಗಳಿವೆ. ನಾಯಿಗೆ ಮೂರ್ಛೆ ಬರುವ ಚರಿತ್ರೆಯಿದ್ದರೆ ಮೊದಲೇ ತಿಳಿಸಬೇಕು. ಅಲರ್ಜಿಯ ತುರಿಕೆಗೆ 2013ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಓಕ್ಲಾಸಿಟಿನಿಬ್ ಗುಳಿಗೆ ಇದೆ, ಒಂದು ವರ್ಷ ತುಂಬದ ನಾಯಿಗೆ ಅದನ್ನು ಕೊಡುವಂತಿಲ್ಲ. ಸ್ಟೀರಾಯ್ಡೂ ಕೆಟ್ಟದ್ದೇನಲ್ಲ. ಕಾರಣ ಗೊತ್ತಾದ ಮೇಲೆ, ಅಳತೆಯಲ್ಲಿ, ಕಡಿಮೆ ದಿನಕ್ಕೆ ಕೊಟ್ಟರೆ ಉಪಕಾರಿ.

ಆಹಾರದ ಅಲರ್ಜಿ ಹಿಡಿಯಲು ರಕ್ತಪರೀಕ್ಷೆಯನ್ನು ನಂಬುವಂತಿಲ್ಲ, ತಾಳ್ಮೆ ಬೇಕು. 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ 297 ನಾಯಿಗಳ ವಿವರ ಸೇರಿಸಿ ನೋಡಿದಾಗ ದನದ ಮಾಂಸ 34%, ಹಾಲಿನ ಪದಾರ್ಥ 17%, ಕೋಳಿ 15%, ಗೋದಿ 13% ನಾಯಿಗಳಲ್ಲಿ ಅಲರ್ಜಿ ತಂದಿದ್ದವು. ನಮ್ಮ ಮನೆಗಳಲ್ಲಿ ನಾಯಿ ತಿನ್ನುವುದು ಹಾಲುರೊಟ್ಟಿ, ಚಪಾತಿ, ಬಿಸ್ಕೀಟು, ಭಾನುವಾರದ ಕೋಳಿ ಎಂಬುದನ್ನು ನೆನೆದರೆ ಈ ಪಟ್ಟಿ ದೂರದ್ದಲ್ಲ. ಪರೀಕ್ಷೆಯ ವಿಧಾನ ಸರಳ: ನಾಯಿ ಈವರೆಗೆ ತಿನ್ನದ ಒಂದು ಮಾಂಸ ಅಥವಾ ಮೀನು, ತಿನ್ನದ ಒಂದು ಪಿಷ್ಟ, ಉದಾಹರಣೆಗೆ ಬೇಯಿಸಿದ ಗೆಣಸು. ವೈದ್ಯರೊಂದಿಗೆ ಮಾತಾಡಿ ಆರಿಸಿ ಎಂಟು ವಾರ ಅಷ್ಟನ್ನೇ ಕೊಡಬೇಕು. ಆಹಾರದ ಅಲರ್ಜಿ ಇರುವ ಹತ್ತರಲ್ಲಿ ಒಂಬತ್ತು ನಾಯಿಗಳಿಗೆ ಅಷ್ಟರಲ್ಲಿ ಗುಣ ಕಾಣುತ್ತದೆ. ಆಮೇಲೆ ಹಳೆಯ ಊಟ ಮರಳಿ ಕೊಟ್ಟು ತುರಿಕೆ ತಿರುಗಿ ಬಂದರೆ ಮಾತ್ರ ಖಾತ್ರಿ. ಈ ಎಂಟು ವಾರ ಹಾಳಾಗುವುದು ಬಹಳ ಸಲ ಪ್ರೀತಿಯಿಂದಲೇ. ಅಜ್ಜ ಚಹಾದಲ್ಲಿ ಅದ್ದಿದ ಬಿಸ್ಕೀಟಿನ ತುಂಡು ಹಾಕುತ್ತಾರೆ, ಮಕ್ಕಳು ಊಟದ ತಟ್ಟೆ ಕೆಳಗಿಡುತ್ತಾರೆ. ಮನೆಮಂದಿಯೆಲ್ಲ ಒಪ್ಪದೆ ಈ ಪರೀಕ್ಷೆ ಶುರುಮಾಡಬೇಡಿ.

ಮನಸ್ಸಿನ ಕಾರಣಕ್ಕೆ ಕಾಲು ಕಡಿಯುವ ನಾಯಿಗಳೂ ಇವೆ. ಆದರೆ ಆ ತೀರ್ಮಾನ ಕೊನೆಗೆ ಬರಬೇಕು. ವಯಸ್ಸಾದ ನಾಯಿ ಮಣಿಕಟ್ಟಿನ ಒಂದೇ ಜಾಗ ನೆಕ್ಕುತ್ತಿದ್ದರೆ ಒಳಗಿನ ಕೀಲುನೋವು ಇರಬಹುದು. ಅದೂ ಇಲ್ಲವೆಂದಾದ ಮೇಲೆ ಅದರ ದಿನಚರಿ ನೋಡಿ. ಪಕ್ಕದ ಮುಧೋಳ ಸೀಮೆಯ ಬೇಟೆನಾಯಿ ಬಯಲಲ್ಲಿ ಓಡುವುದಕ್ಕೇ ಹುಟ್ಟಿದ ತಳಿ. ಅದರ ಸಲುವಾಗಿ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇದೆ. ಅಂಥ ನಾಯಿಯನ್ನು ಶೋಕಿಗೆಂದು ತಂದು ನಗರದ ಮಾಳಿಗೆಯ ಮೇಲೆ ಹಗಲೆಲ್ಲ ಸರಪಳಿಯಲ್ಲಿ ಕಟ್ಟಿದರೆ ಅದು ತನ್ನ ಕಾಲನ್ನಲ್ಲದೆ ಇನ್ನೇನನ್ನು ಕಡಿಯಬೇಕು? ದಿನಕ್ಕೆ ಎರಡು ಹೊತ್ತು ಓಟ, ಜಗಿಯಲು ಗಟ್ಟಿ ರಬ್ಬರಿನ ಆಟಿಕೆ, ಮೂಸಿ ಹುಡುಕುವಂತೆ ಬಚ್ಚಿಟ್ಟ ತಿನಿಸು ಬೇಕು. ನೆಕ್ಕಿದಾಗಲೆಲ್ಲ ಗದರಬೇಡಿ. ಒಂಟಿತನದಲ್ಲಿ ಬೈಗುಳವೂ ಅದಕ್ಕೆ ಮಾತುಕತೆಯೇ.

ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ, ಫಿನೈಲ್, ಹೊಲದ ಕೀಟನಾಶಕ ಇವನ್ನು ಹಚ್ಚುವ ರೂಢಿ ನಿಲ್ಲಬೇಕು. ಹಚ್ಚಿದ್ದೆಲ್ಲ ನಾಯಿಯ ಹೊಟ್ಟೆ ಸೇರುತ್ತದೆ. ನಮ್ಮ ನೋವಿನ ಮಾತ್ರೆಗಳಾದ ಐಬುಪ್ರೊಫೆನ್, ಡೈಕ್ಲೊಫಿನ್ಯಾಕ್, ಪ್ಯಾರಾಸಿಟಮಾಲ್ ಕೂಡ ನಾಯಿಗೆ ಅಪಾಯ. ವೈದ್ಯರ ಬಳಿ ಹೋಗುವಾಗ ಯಾವ ಕಾಲು, ಯಾವ ತಿಂಗಳಲ್ಲಿ ಶುರುವಾಯಿತು, ಏನು ತಿನ್ನುತ್ತದೆ, ಹಿಂದೆ ಯಾವ ಸೂಜಿ ಬಿದ್ದಿದೆ ಎಂದು ಬರೆದ ಚೀಟಿ, ಪಾದದ ಫೋಟೋ ಒಯ್ಯಿರಿ. ಹೋಗುವ ಮುನ್ನ ತೊಳೆದು ಸ್ವಚ್ಛ ಮಾಡಬೇಡಿ, ಪರೀಕ್ಷೆಗೆ ಆ ಜಿಡ್ಡೇ ಬೇಕು.

ಇಷ್ಟೆಲ್ಲ ಹತ್ತಿರದಿಂದ ನೋಡಿ ಎಂದ ಮೇಲೆ ಹತ್ತಿರ ಹೋಗಬಾರದ ಸಂದರ್ಭವನ್ನೂ ಹೇಳಬೇಕು. ರೇಬೀಸ್ ತಗುಲಿದ ನಾಯಿಗೆ ಹಿಂದೆ ಕಚ್ಚಿಸಿಕೊಂಡಿದ್ದ ಜಾಗದಲ್ಲಿ ವಿಚಿತ್ರ ಜುಮುಜುಮು ಶುರುವಾಗಿ ಅಲ್ಲಿಯೇ ರಕ್ತ ಬರುವಂತೆ ಕಡಿದುಕೊಳ್ಳುವುದುಂಟು. ಲಸಿಕೆ ಹಾಕಿಸದ ನಾಯಿ ಒಂದು ಕಾಲನ್ನು ಇದ್ದಕ್ಕಿದ್ದಂತೆ ಹುಚ್ಚಾಗಿ ಕಡಿಯತೊಡಗಿದರೆ, ಸ್ವಭಾವ ಬದಲಾಗಿದ್ದರೆ, ದನಿ ಒಡೆದಿದ್ದರೆ, ನುಂಗಲಾಗದೆ ಜೊಲ್ಲು ಸುರಿಯುತ್ತಿದ್ದರೆ ಮುಳ್ಳು ಹುಡುಕಲು ಹೋಗಬೇಡಿ, ಬಾಯೊಳಗೆ ಕೈ ಹಾಕಬೇಡಿ. ಕೋಣೆಯಲ್ಲಿ ಕೂಡಿಹಾಕಿ ಪಶುವೈದ್ಯರನ್ನು ಕರೆಸಿ. ಮರಿಗೆ ಮೂರು ತಿಂಗಳು ತುಂಬಿದಾಗ ರೇಬೀಸ್ ಲಸಿಕೆ, ಆಮೇಲೆ ವರ್ಷವರ್ಷವೂ ಮರುಲಸಿಕೆ ಹಾಕಿಸಿದ್ದರೆ ಈ ಭಯವಿಲ್ಲದೆ ಅದರ ಪಾದ ಹಿಡಿದು ನೋಡಬಹುದು. ಶಂಕೆಯ ನಾಯಿಯ ಜೊಲ್ಲು ನಿಮ್ಮ ಗೀರುಗಾಯಕ್ಕೆ ತಾಗಿದ್ದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಶುರುಮಾಡಿಸಿ.